ಹುಲ್ಲು ಕೊಯ್ಯುವ ಮಾಯಕ್ಕ ಮತ್ತು ಹೆಸರಿಲ್ಲದ ಬರಹ

ನನ್ನ ಅಕ್ಷರ ದುಂಡಗಿಲ್ಲ. ಎಂಟನೇ ಇಯತ್ತೆಗೇ ಸಾಲಿ ಬಿಟ್ಟಿದ್ದರಿಂದ ಮಾತೂ ಸಾಲವು. ತಿದ್ದಿ ತಿದ್ದಿ ಬರೆದಿದ್ದೇನೆ, ಓದುವವರು ಸಿಟ್ಟಾಗಬಾರದು. ಇದು ನಮ್ಮ ಚಿಗವ್ವ ಮಾಯಕ್ಕನ ಕತೆ; ನಾನಿರುವುದೂ ಅವಳ ಮನೆಯಲ್ಲೇ.

ಮಾಯಕ್ಕ ಖಾನಾಪುರದ ಕಡೆಯ ಕುರಿ ಕಾಯುವ ಮನೆಯವಳು. ಲಗ್ನವಾಗಿ ಬೆಳಗಾವಿಯ ಖಾಸಬಾಗಕ್ಕೆ ಬಂದಳು. ಗಂಡ ತೀರಿಕೊಂಡ ಮೇಲೆ ಮುಂಜಾನೆ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ಕೊಯ್ಯುತ್ತಾಳೆ, ಮಧ್ಯಾಹ್ನ ದಂಡಿನ ಕ್ಯಾಂಪಿನ ಹಳೇ ಬಂಗಲೆಯಲ್ಲಿ ಅನುರಾಧಾ ಬಾಯಾರ ಮನೆಗೆಲಸ ಮಾಡುತ್ತಾಳೆ. ಬಾಯಾರು ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ಅವರ ಮೇಜಿನ ತುಂಬ ನೂರು ವರ್ಷ ಹಳೆಯ ಗಾಲ್ಫ್ ಪತ್ರಿಕೆಗಳು. ಅವುಗಳಲ್ಲಿ ಹೆಸರು ಹಾಕದೆ ಬರೆದವರು ಯಾರೆಂದು ಪತ್ತೆ ಹಚ್ಚುವುದೇ ಅವರ ಹುಚ್ಚು.

ಒಮ್ಮೆ ಬಾಯಾರು ಪುಟ ಬಡಿದು ನಕ್ಕರು. “ಮಾಯಕ್ಕಾ, ಈ ಪುಣ್ಯಾತ್ಮ ಚೆಂಡು ಬಿದ್ದ ಮ್ಯಾಲಿಂದಷ್ಟ ಬರೀತಾನ. ಹೊಡದದ್ದರ ಬಗ್ಗೆ ಒಂದ್ ಮಾತಿಲ್ಲ. ಇಂವ ಆಡಾಂವ ಅಲ್ಲ, ಮುಂದ ನಿಂತು ಚೆಂಡು ಹುಡುಕಾಂವ. ಹೆಸರು ಇಲ್ಲದಿದ್ರೇನು, ನಿಂತ ಜಾಗಾ ಹೇಳಿಬಿಡತೈತಿ.”

ಮಾಯಕ್ಕ ಒರೆಸುತ್ತಿದ್ದ ಮೇಜು ಬಿಟ್ಟು ಆ ಪುಟದತ್ತ ಬಗ್ಗಿ ನೋಡಿದಳು. ಕ್ಲಬ್ಬಿನ ಮಾಸಪತ್ರಿಕೆಯ ಕನ್ನಡ ಪುಟಕ್ಕೆ ಅವಳೂ ಹೆಸರು ಹಾಕದೆ ಒಂದು ಬರಹ ಕಳಿಸಿದ್ದಳು. ತನ್ನ ಜೋಡಿ ಹುಲ್ಲು ಕೊಯ್ಯುವ ಶಿವಬಸವ್ವನ ಕಿವಿಯ ಹಿಂದೆ ಚೆಂಡು ಬಡಿದಿತ್ತು. ಹೊಡೆಯುವ ಮೊದಲು ಒಂದು ಸೀಟಿ ಊದಿರಿ ಎಂದಷ್ಟೇ ಅದರಲ್ಲಿ ಕೇಳಿದ್ದಳು. ಕ್ಲಬ್ಬಿನ ಮ್ಯಾನೇಜರ್ ಊರಲ್ಲಿಲ್ಲದಾಗ ಅದು ಅಚ್ಚಾಯಿತು. ಬಂದವನೇ, ಬರೆದವರು ಸಿಕ್ಕರೆ ಕೆಲಸದಿಂದ ತೆಗೆಯುತ್ತೇನೆ ಎಂದು ಎಲ್ಲರಿಗೂ ಸಾರಿದ್ದ.

ಶನಿವಾರ ಅವನು ಆ ಮಾಸಪತ್ರಿಕೆ ಹಿಡಿದು ಬಂಗಲೆಗೇ ಬಂದ. ಮಾಯಕ್ಕ ಕಪ್ಪು-ಬಸಿಯಲ್ಲಿ ಚಹಾ ತಂದು ಮುಂದೆ ಹಿಡಿದಳು.

“ನೂರು ವರ್ಷದ ಹಿಂದಿನವರನ್ನ ಹಿಡೀತೀರಿ ಬಾಯಾರ. ಇದನ್ನ ಬರದಾಂವನ್ನಷ್ಟು ಹಿಡದು ಕೊಡ್ರಿ ನೋಡೂಣು.”

ಬಾಯಾರು ಗಟ್ಟಿಯಾಗಿ ಓದಿದರು: “ಬಗ್ಗಿದವರಿಗೆ ಚೆಂಡು ಕಾಣುವುದಿಲ್ಲ, ಸಪ್ಪಳ ಮಾತ್ರ ಕೇಳುತ್ತದೆ…” ಅಲ್ಲಿಗೇ ನಿಲ್ಲಿಸಿ, ಬಸಿ ಹಿಡಿದ ಮಾಯಕ್ಕನ ಕೈಯ ಮೇಲಿನ ಕುಡಗೋಲಿನ ಕಲೆಗಳನ್ನು ನೋಡಿದರು. ಅವಳು ಬಸಿ ಮೇಜಿನ ಮೇಲಿಟ್ಟು ಕೈ ಸೆರಗಿನೊಳಗೆ ಎಳೆದುಕೊಂಡಳು.

“ನಾ ಸತ್ತವರನ್ನಷ್ಟ ಹುಡುಕಾಕಿ,” ಎಂದು ಬಾಯಾರು ಪತ್ರಿಕೆ ತಿರುಗಿ ಕೊಟ್ಟರು.

“ಬ್ಯಾಡ ಬಿಡ್ರಿ,” ಎಂದು ಮ್ಯಾನೇಜರ್ ಎದ್ದ. “ಗೇಟಿನ್ಯಾಗ ಕುಂತು ಪೇಪರ್ ಓದಾಂವ ಈರಣ್ಣ ಒಬ್ಬನ. ಅವಂದ ಇದು. ಸೋಮವಾರ ಮನಿಗೆ ಕಳಸತೀನಿ.”

ಈರಣ್ಣ ಖಾನಾಪುರದಿಂದ ದಿನಾ ರೈಲಿಗೆ ಬರುವ ಕಾವಲುಗಾರ. ಶಿವಬಸವ್ವನನ್ನು ಸೈಕಲ್ ಮೇಲೆ ಕೂರಿಸಿ ದವಾಖಾನೆಗೆ ಒಯ್ದವನೂ ಅವನೇ.

ಮ್ಯಾನೇಜರ್ ಹೋದ ಮೇಲೆ ಬಾಯಾರು, “ಹೆದರಬ್ಯಾಡ, ನಾ ಬಾಯಿ ಬಿಡೂದಿಲ್ಲ,” ಎಂದರು.

“ನೀವು ಬಿಡೂದಿಲ್ಲರಿ. ಆದ್ರ ಈರಣ್ಣ?”



ಮನೆಗೆ ಬಂದ ಚಿಗವ್ವ ರೊಟ್ಟಿ ಮುಟ್ಟಲಿಲ್ಲ. ಬಾಜೂ ಮನೆಯ ಬಾಗಿಲ ಸಪ್ಪಳಕ್ಕೂ ಬೆಚ್ಚಿದಳು. ಈ ಕೆಲಸ ಹೋದರೆ ಬಾಡಿಗೆ ಮನೆಯೂ ಹೋಗುತ್ತದೆ. ಕುಡಗೋಲು ಒರೆಸಿ ಗೂಡಿನಲ್ಲಿಟ್ಟು, “ನಾನ ಬರದೀನಿ ಅಂತ ಹೇಳತೀನಿ. ಒಬ್ಬಾಕಿನ ಹೋಗಾಕ ಕಾಲ ಏಳವಲ್ವು,” ಎಂದಳು.

ನನಗೆ ಹೊಸಬರ ಮುಂದೆ ಮಾತು ಹೊರಡುವುದಿಲ್ಲ. ಆದರೂ ಸೋಮವಾರ ಮುಂಜಾನೆ ಚಿಗವ್ವನ ಜೋಡಿ ನಾನೂ ಮ್ಯಾನೇಜರನ ಕೋಣೆಗೆ ಹೋಗುತ್ತೇನೆ.