ಏಳೂಕಾಲಿನ ದೋಣಿ

ಜೆಟ್ಟಿಯ ಎದುರಿಗೇ ಇಪ್ಪತ್ತೊಂದು ವರ್ಷದಿಂದ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದೇನೆ. ಈ ದಡದ ದೋಣಿಗಳಲ್ಲಿ ಮುಕ್ಕಾಲುಪಾಲು ಸ್ಟಾರ್ಟ್ ಆಗುವುದು ನಾನು ಕೊಟ್ಟ ಬ್ಯಾಟರಿಯಿಂದ. ಆದರೆ ಒಂದು ದೋಣಿಗೂ ನಾನು ಕಾಲಿಟ್ಟವನಾಗಿರಲಿಲ್ಲ. ಈಜು ಬರುವುದಿಲ್ಲ, ನೀರು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವವನು. ಆಚೆ ದಡಕ್ಕೆ ಹೋಗಬೇಕಾದರೆ ಸೇತುವೆ ಸುತ್ತಿ ಹೋಗುವ ಬಸ್ಸಿನಲ್ಲಿ ಎರಡೂವರೆ ಗಂಟೆ ಕೂರುತ್ತಿದ್ದೆ. ದೋಣಿಯಲ್ಲಿ ಅದು ಹನ್ನೆರಡು ನಿಮಿಷದ ದಾರಿ. ಜನ ನಗುತ್ತಿದ್ದರು. ನಗಲಿ, ಮುಳುಗುವವನು ನಾನು ತಾನೆ?

ಇದು ನನ್ನ ಕಥೆಯಲ್ಲ, ದೋಣಿಯಕ್ಕನದು. ನಡುವೆ ನಾನೂ ಬರುತ್ತೇನೆ, ಅದೂ ತಪ್ಪಿತಸ್ಥನಾಗಿ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನಗಿಂತ ಹತ್ತು ವರ್ಷ ಚಿಕ್ಕವಳಾದರೂ ಇಡೀ ಜೆಟ್ಟಿಗೆ ಅವಳು ಅಕ್ಕ. ಗಂಡ ತೀರಿಕೊಂಡು ಆರು ವರ್ಷವಾಯಿತು. ಅವನು ಓಡಿಸುತ್ತಿದ್ದ ಮೂವತ್ತು ಜನರ ದೋಣಿಯನ್ನು ಮಾರಿಬಿಡು ಎಂದು ಅವಳಿಗೆ ಬುದ್ಧಿ ಹೇಳದವರಿಲ್ಲ. ನಾನೂ ಹೇಳಿದ್ದೆ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಲೈಸೆನ್ಸ್ ಮಾಡಿಸಿಕೊಂಡು ಬಂದು, ಒಂದು ಬೆಳಿಗ್ಗೆ ತಾನೇ ಹಗ್ಗ ಬಿಚ್ಚಿದಳು. ಹೆಂಗಸು ದೋಣಿ ಓಡಿಸುವುದನ್ನು ನೋಡಲು ಜೆಟ್ಟಿಯ ತುಂಬ ಜನ. ಆಗ ಅವಳ ಅತ್ತೆ ದೋಣಿಯ ಮೂತಿಯಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟು ಕೂಗಿದರು: “ನನ್ನ ಮಗ ಓಡಿಸುವಾಗ ಯಾರೂ ಹೀಗೆ ನಿಂತು ನೋಡ್ತಿರ್ಲಿಲ್ಲ! ನೋಡೋ ಆಸೆ ಇದ್ರೆ ಟಿಕೆಟ್ ತಗೊಂಡು ಹತ್ತಿ!” ಎಂಟು ಜನ ನಾಚಿಕೆಗೆ ಹತ್ತಿದರಂತೆ. ಅತ್ತೆಮ್ಮ ಎಂದರೆ ಅವರು. ನಮಗೆಲ್ಲರಿಗೂ ಅವರು ಅತ್ತೆಮ್ಮನೇ.

ಅತ್ತೆ ಸೊಸೆ ಇಬ್ಬರೇ ಇರುವ ಮನೆ. ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವುದರಿಂದ ಶುರುವಾದ ಜಗಳ ರಾತ್ರಿ ದೀಪ ಯಾರು ಆರಿಸಬೇಕು ಎನ್ನುವವರೆಗೆ ನಡೆಯುತ್ತದೆ. ಆದರೆ ಹೊರಗಿನವರು ಯಾರಾದರೂ ಸೊಸೆಯ ಮೇಲೆ ಒಂದು ಮಾತು ಆಡಲಿ, ಅತ್ತೆಮ್ಮ ಅವರ ಜನ್ಮ ಜಾಲಾಡಿಬಿಡುತ್ತಾರೆ.

ಅಂಥ ಅತ್ತೆಮ್ಮನಿಗೆ ಒಂದೂವರೆ ವರ್ಷದ ಹಿಂದೆ ಕಿಡ್ನಿ ಕೈಕೊಟ್ಟಿತು. ಸೋಮವಾರ, ಬುಧವಾರ, ಶುಕ್ರವಾರ ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಎಂಟು ಗಂಟೆಗೆ ಅವರ ಸರದಿ; ತಪ್ಪಿದರೆ ಆ ಮಂಚ ಇನ್ನೊಬ್ಬರಿಗೆ. ಅದಕ್ಕಾಗಿಯೇ ಏಳೂಕಾಲಿನ ದೋಣಿ. “ನಾನೂ ನಿನ್ನ ಬ್ಯಾಟರಿ ಹಾಗೇ ಆಗ್ಬಿಟ್ಟೆ ಕಣಪ್ಪ, ವಾರಕ್ಕೆ ಮೂರು ಸಲ ಚಾರ್ಜಿಗೆ ಹಾಕ್ಬೇಕು” ಎಂದು ನನ್ನ ಅಂಗಡಿಯ ಮುಂದೆ ಹೋಗುವಾಗಲೆಲ್ಲ ನಗುತ್ತಿದ್ದರು.

ಆ ಹಳೆಯ ಡೀಸೆಲ್ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡಲಾಗದು. ಬ್ಯಾಟರಿ ಸತ್ತರೆ ಅಷ್ಟು ದೊಡ್ಡ ದೋಣಿ ನೀರಿನ ಮೇಲಿನ ಬೆಂಚು, ಅಷ್ಟೆ. ದೋಣಿಯಕ್ಕನಿಗೆ ಅದು ಚೆನ್ನಾಗಿ ಗೊತ್ತು. ಪ್ರತಿ ಶನಿವಾರ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ನೋಡುತ್ತಾಳೆ, ಟರ್ಮಿನಲ್ ಉಜ್ಜಿ ಗ್ರೀಸ್ ಹಚ್ಚುತ್ತಾಳೆ. ದೋಣಿ ಕಟ್ಟಿದ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಅದರ ಕೆಂಪು ಕೀಲಿಯನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡು ಮನೆಗೆ ಹೋಗುತ್ತಾಳೆ. ಬ್ಯಾಟರಿಯನ್ನು ಇಷ್ಟು ಜೋಪಾನ ಮಾಡುವ ಗಿರಾಕಿ ನನಗೆ ಇನ್ನೊಬ್ಬರಿಲ್ಲ.

ಅಂಥವಳ ದೋಣಿ ಒಂದು ಬುಧವಾರ ಸ್ಟಾರ್ಟ್ ಆಗಲಿಲ್ಲ. ಚಳಿಯ ಬೆಳಗು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ‘ಟಕ್’ ಎಂದು ಸುಮ್ಮನಾಯಿತಂತೆ. ನಾನು ಹಮಾಲನ ತಲೆಯ ಮೇಲೆ ಬೇರೆ ಬ್ಯಾಟರಿ ಹೊರಿಸಿ ಕಳಿಸಿದೆ, ಹೇಗೋ ಓಡೋಡಿ ಸರದಿಗೆ ಮುಟ್ಟಿದರು. ಅವಳ ಬ್ಯಾಟರಿಯನ್ನು ದಿನವಿಡೀ ಚಾರ್ಜಿಗೆ ಹಾಕಿ ಪರೀಕ್ಷೆ ಮಾಡಿದೆ. ಚಿನ್ನದಂಥ ಬ್ಯಾಟರಿ. “ನನ್ನ ಮಾಲಿನಲ್ಲಿ ಏನೂ ದೋಷ ಇಲ್ಲಮ್ಮ” ಎಂದು ಜಂಬದಿಂದ ವಾಪಸ್ ಕೊಟ್ಟೆ.

ಎರಡು ವಾರ ಕಳೆದು ಒಂದು ಶುಕ್ರವಾರ ಮತ್ತೆ ‘ಟಕ್’. ಆ ದಿನ ನಾನು ಮಾಲು ತರಲು ಬಸ್ಸಿನಲ್ಲಿ ಹೋಗಿದ್ದೆ, ಅಂಗಡಿಗೆ ಬೀಗ. ಆ ಹೊತ್ತಿಗೆ ದಾಟಲು ಬೇರೆ ದೋಣಿಯೂ ಇಲ್ಲ; ಸರದಿ ತಪ್ಪಿತು. ಮರುದಿನ ಮಂಚ ಸಿಗುವವರೆಗೆ ಅತ್ತೆಮ್ಮ ಕಾಲು ಊದಿಸಿಕೊಂಡು, ಮಲಗಲಾಗದೆ, ಕೂತೇ ಏದುಸಿರು ಬಿಟ್ಟರು.

ಶನಿವಾರ ಅವರ ಹಿರಿಯ ಮಗ ಬಂದ. ದೋಣಿಯಕ್ಕನಿಗೆ ಭಾವ. ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ನಾಲ್ಕನೇ ಮಹಡಿಯಲ್ಲಿ ಅವನ ಮನೆ. ಕೆಟ್ಟವನಲ್ಲ, ಹೆದರಿದ್ದ. ನನ್ನ ಅಂಗಡಿಯ ಮುಂದೆಯೇ ಹೇಳಿದ: “ಸೋಮವಾರ ನಾನೇ ಜೊತೆಗೆ ಬರ್ತೀನಿ. ಇನ್ನೊಂದು ಸಲ ದೋಣಿ ನಿಂತ್ರೆ ಅಮ್ಮ ಇನ್ಮೇಲೆ ನಮ್ಮನೇಲೇ ಇರ್ತಾರೆ. ಬೇಜಾರು ಮಾಡ್ಕೋಬೇಡಮ್ಮ, ನನಗೂ ಬೇರೆ ದಾರಿ ಕಾಣ್ತಿಲ್ಲ.”

ಅತ್ತೆಮ್ಮ ನನ್ನ ಅಂಗಡಿಯ ಬಾಗಿಲು ಹಿಡಿದು ನೀರಿನ ಕಡೆ ನೋಡುತ್ತಿದ್ದರು. ಆ ನಾಲ್ಕನೇ ಮಹಡಿಯ ಬಗ್ಗೆ ಅವರು ಮೊದಲೇ ನನಗೆ ಹೇಳಿದ್ದರು: ಕಿಟಕಿ ತೆಗೆದರೆ ಎದುರು ಮನೆಯ ಕಿಟಕಿ, ಅದನ್ನು ತೆಗೆದರೆ ಅದರಾಚೆ ಇನ್ನೊಂದು.

ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಕೊನೆಯ ಟ್ರಿಪ್ ಮುಗಿಸಿ ದೋಣಿಯಕ್ಕ ಅಂಗಡಿಗೆ ಬಂದಳು. “ಅಣ್ಣ, ದೋಣೀಲೇ ಎಲ್ಲೋ ಕರೆಂಟು ಸೋರ್ತಿದೆ. ನೀವೇ ಬಂದು ನೋಡ್ಬೇಕು.”

“ದೋಣೀಲಿ ಸೋರೋದು ನೀರು ಕಣಮ್ಮ, ಕರೆಂಟಲ್ಲ” ಎಂದು ಹಲ್ಲುಕಿರಿದೆ.

ಅವಳು ನಗಲಿಲ್ಲ. “ಅತ್ತೆ ಹೋದ್ರೆ ಆ ಮನೇಲಿ ನನಗೆ ಜಗಳ ಆಡೋಕೂ ಯಾರಿಲ್ಲ ಅಣ್ಣ” ಎಂದಳು. ಟೆಸ್ಟ್ ಲ್ಯಾಂಪ್ ಎತ್ತಿಕೊಂಡು ಎದ್ದೆ.

ಜೆಟ್ಟಿಯಿಂದ ದೋಣಿಗೆ ಒಂದು ಹಲಗೆ. ಅವಳು ಕೈ ಹಿಡಿದುಕೊಂಡಳು, ನಾನು ಕಣ್ಣು ಮುಚ್ಚಿಕೊಂಡೆ. ಒಳಗೆ ಹೋಗಿ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ನಡುವೆ ನನ್ನ ಲ್ಯಾಂಪ್ ಸೇರಿಸಿದೆ. ಎಲ್ಲ ಆಫ್ ಇದ್ದೂ ಎಲ್ಲಾದರೂ ಕರೆಂಟ್ ಹರಿಯುತ್ತಿದ್ದರೆ ಅದರ ಬಲ್ಬು ಹೊತ್ತಿಕೊಳ್ಳಬೇಕು. ಹೊತ್ತಲಿಲ್ಲ. ಒಂದೊಂದೇ ತಂತಿ ಅಲ್ಲಾಡಿಸಿದೆ. ಉಹುಂ. “ಎಲ್ಲೂ ಸೋರಿಕೆ ಇಲ್ಲ” ಎಂದು ತಂತಿ ಮತ್ತೆ ಬಿಗಿದೆ. ಅವಳ ಮುಖ ಸಣ್ಣದಾಯಿತು. “ಕೂತಿರಿ, ಹೋಟೆಲಿಂದ ಚಹಾ ತರ್ತೀನಿ” ಎಂದು ಹೊರಟೇಹೋದಳು.

ಈಗ ನನ್ನ ಫಜೀತಿ ನೋಡಿ. ಒಬ್ಬನೇ ಹಲಗೆ ದಾಟುವ ಧೈರ್ಯವಿಲ್ಲ, ಕೂಗಿ ಕರೆಯಲು ಮರ್ಯಾದೆ ಅಡ್ಡ. ಎಂಜಿನ್ ಪೆಟ್ಟಿಗೆಯ ಹಿಂದೆ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಕಂಬ ಹಿಡಿದುಕೊಂಡೆ. ಅರ್ಧ ಗಂಟೆಯಾದರೂ ಚಹಾದ ಸುಳಿವಿಲ್ಲ.

ಅಷ್ಟರಲ್ಲಿ ಹಲಗೆಯ ಮೇಲೆ ಹೆಜ್ಜೆ ಸಪ್ಪಳ. ಅತ್ತೆಮ್ಮ, ಕೈಯಲ್ಲಿ ಪೊರಕೆ. ಮನೆಯ ಅಂಗಳದಲ್ಲಿ ಓಡಾಡುವ ಹಾಗೆ ದಾಟಿ ಬಂದರು. ನಾನಿರುವುದು ಅವರಿಗೆ ಕಾಣಲಿಲ್ಲ. ಪೈಪು ಬಿಡಿಸಿ, ಬೆಂಚಿನ ಕೆಳಗಿನ ಗುಂಡಿ ಒತ್ತಿದರು. ಗುರ್ರ್ ಎಂದು ಪಂಪು ಹೊರಟಿತು. ಮರುಕ್ಷಣ ನನ್ನ ಬೆನ್ನಿನ ಮೇಲೆ ತಣ್ಣೀರು.

“ಅಯ್ಯಯ್ಯೋ!” ಎಂದು ಇಬ್ಬರೂ ಕಿರುಚಿದೆವು.

“ನೀನ್ಯಾಕಪ್ಪ ಇಲ್ಲಿ ಅಡಗಿದ್ದೀಯ?”

“ಅದಿರ್ಲಿ ಅಮ್ಮ. ಕೀಲಿ ಅಕ್ಕನ ಕೊರಳಲ್ಲಿದೆ, ಈ ಪಂಪು ಹೇಗೆ ಓಡ್ತಿದೆ?”

“ಇದಕ್ಯಾಕೆ ಕೀಲಿ? ಒತ್ತಿದ್ರೆ ಓಡುತ್ತೆ.”

“ದಿನಾ ತೊಳೀತೀರಾ?”

“ದಿನಾ ಎಲ್ಲಪ್ಪ? ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಮಾತ್ರ, ಒಂದು ಗಂಟೆ. ಕೊಳಕು ದೋಣೀಲಿ ಹೋಗಿ ಇಳಿದ್ರೆ ನಾಲ್ಕು ಜನ ಏನಂತಾರೆ? ನಲವತ್ತು ವರ್ಷ ಬಕೆಟಲ್ಲಿ ನೀರು ಸೇದಿ ತೊಳೆದೋಳು ನಾನು. ಈಗ ಈ ಕೈಯಲ್ಲಿ ಭಾರ ಎತ್ಬಾರ್ದು ಅಂತ ಡಾಕ್ಟರ್ ಹೇಳಿದ್ದಾರೆ. ಇವಳಿಗೆ ಗೊತ್ತಾದ್ರೆ ಪೊರಕೇನೂ ಕಿತ್ಕೋತಾಳೆ, ಅದಕ್ಕೇ ಅವಳು ಸ್ವಲ್ಪ ಅಡ್ಡಾದಾಗ, ಇಲ್ಲಾ ಎಲ್ಲಾದ್ರೂ ಹೋದಾಗ ಬರ್ತೀನಿ.”

ಆ ಪಂಪು ನಾನೇ ಮಾರಿದ್ದು, ನಾಲ್ಕು ತಿಂಗಳ ಹಿಂದೆ. ದೋಣಿಯಕ್ಕ ಎಂಜಿನ್ ಓಡುವಾಗ ನೆಲ ತೊಳೆಯಲೆಂದು ಕೊಂಡಿದ್ದಳು. “ಬಂದು ಜೋಡಿಸಿ ಕೊಡಿ ಅಣ್ಣ” ಎಂದಿದ್ದಳು. ದೋಣಿ ಹತ್ತಬೇಕಲ್ಲ ಎಂದು ನಾನು ಗಲ್ಲಾದ ಮೇಲೆ ಕೂತೇ ಅಪ್ಪಣೆ ಕೊಟ್ಟಿದ್ದೆ: “ತಂತಿ ಸೀದಾ ಬ್ಯಾಟರಿಗೇ ಕೊಟ್ಬಿಡು, ಏನೂ ಆಗಲ್ಲ.” ಅಲ್ಲಿಗೆ ಕೊರಳಲ್ಲಿದ್ದ ಕೆಂಪು ಕೀಲಿಗೂ ಪಂಪಿಗೂ ಸಂಬಂಧವೇ ಇಲ್ಲದಂತಾಯಿತು. ನಾನು ಪರೀಕ್ಷೆ ಮಾಡುವಾಗ ಪಂಪು ನಿಂತಿತ್ತು, ಬಲ್ಬು ಹೊತ್ತಲಿಲ್ಲ. ಚಳಿ ಕಡಿಮೆಯಿದ್ದ ದಿನ ಬ್ಯಾಟರಿ ಹೇಗೋ ಎಳೆದಿತ್ತು. ಎಂಜಿನ್ ನಿಂತಿರುವಾಗ ಗಂಟೆ ಹೊತ್ತು ಪಂಪು ಓಡಿದ ಮರುದಿನ, ಅದೂ ಕೊರೆಯುವ ಚಳಿಯಲ್ಲಿ, ಯಾವ ಬ್ಯಾಟರಿ ತಾನೇ ಅಷ್ಟು ದೊಡ್ಡ ಎಂಜಿನ್ ತಿರುಗಿಸೀತು?

ಬಿಡಿಸಿ ಹೇಳಿದೆ. ಅತ್ತೆಮ್ಮ ಪೊರಕೆ ಹಿಡಿದೇ ಬೆಂಚಿನ ಮೇಲೆ ಕುಸಿದು ಕೂತರು. “ಹಾಗಾದ್ರೆ ನನ್ನನ್ನ ಮನೆ ಬಿಡಿಸ್ತಿದ್ದೋಳು ನಾನೇನಾ?”

“ಇಲ್ಲಮ್ಮ. ನಾನು” ಎಂದೆ.

ಚಹಾ ಹಿಡಿದು ಬಂದ ದೋಣಿಯಕ್ಕನಿಗೂ ಅದನ್ನೇ ಹೇಳಿದೆ. ಅವಳು ನನ್ನನ್ನು ನೋಡಿ “ಅಣ್ಣ, ನೀವು ಅವತ್ತೇ ಒಂದ್ಸಲ ಬಂದಿದ್ರೆ…” ಎಂದು ಅರ್ಧಕ್ಕೇ ನಿಲ್ಲಿಸಿದಳು. ಪೂರ್ತಿ ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ಆಮೇಲೆ ಅತ್ತೆಯ ಕಡೆ ತಿರುಗಿದಳು. “ಕದ್ದು ತೊಳೀತಿದ್ರಾ? ದೋಣಿ ಇಷ್ಟು ಹೊಳೆಯೋದು ನನ್ನ ಕೈಗುಣ ಅಂದ್ಕೊಂಡಿದ್ದೆ ನಾನು!”

“ಕದಿಯೋಕೆ ಇದೇನು ಪಕ್ಕದ್ಮನೆ ದೋಣೀನಾ? ನಿನ್ನ ಕೈಗುಣ ನನಗೊತ್ತಿಲ್ವಾ, ಮೂಲೇಲಿ ಪೊರಕೆ ಆಡ್ಸಲ್ಲ ನೀನು.”

ಜಗಳ ಶುರುವಾಯಿತು. ನನಗೆ ಸ್ವಲ್ಪ ಜೀವ ಬಂತು.

ಅಂದು ಸಂಜೆಯೊಳಗೆ ಆ ಹಲಗೆಯನ್ನು ನಾನು ಹತ್ತು ಸಲ ದಾಟಿದೆ, ಎಣಿಸಿದ್ದೇನೆ. ಅಂಗಡಿಯಿಂದ ಎರಡನೆಯ ಬ್ಯಾಟರಿ ತಂದು ಬೆಂಚಿನ ಕೆಳಗೆ ಕೂರಿಸಿ ಪಂಪು, ದೀಪ ಎಲ್ಲವನ್ನೂ ಅದಕ್ಕೆ ಕೊಟ್ಟೆ. ಎಂಜಿನ್ ಓಡುವಾಗ ಎರಡೂ ಚಾರ್ಜ್ ಆಗಬೇಕು, ನಿಂತ ಕೂಡಲೇ ಎರಡರ ಸಂಬಂಧ ಕಡಿಯಬೇಕು. ಅದಕ್ಕೊಂದು ರಿಲೇ ಹಾಕಿದೆ. ಹಳೆಯ ಬ್ಯಾಟರಿಗೆ ಇನ್ನು ಸ್ಟಾರ್ಟ್ ಮಾಡುವ ಕೆಲಸ ಒಂದೇ. ಅದರ ಮೇಲೆ ಒಂದು ಪುಟ್ಟ ಮೀಟರ್ ಕೂರಿಸಿ ಅತ್ತೆಮ್ಮನಿಗೆ ತೋರಿಸಿದೆ. “ಹನ್ನೆರಡೂವರೆ ವೋಲ್ಟಿಗಿಂತ ಕೆಳಗೆ ಬಂದ್ರೆ ನನ್ನನ್ನ ಕೂಗಿ ಅಮ್ಮ.”

“ತೊಳೀಬಹುದು ತಾನೇ?”

“ಎಷ್ಟು ಬೇಕಾದ್ರೂ ತೊಳೀರಿ. ಆ ಬ್ಯಾಟರಿ ಸತ್ರೂ ದೋಣಿ ಸ್ಟಾರ್ಟ್ ಆಗುತ್ತೆ.”

ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ರಾತ್ರಿಗೆ ಅಂಗಡಿಯಲ್ಲಿ ಚಾರ್ಜಿಗಿಟ್ಟೆ. ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ಅದನ್ನು ಜಾಗಕ್ಕೆ ಕೂರಿಸಿ ನಟ್ಟು ಬಿಗಿಯುತ್ತಿದ್ದೆ. ಹಿಂದಿನ ಸಂಜೆಯ ಬಸ್ಸಿಗೆ ಬಂದು ಉಳಿದಿದ್ದ ಭಾವ ತಾಯಿಯ ಪಕ್ಕ ಕೂತಿದ್ದ, ಕಾಲ ಬಳಿ ಬಟ್ಟೆಯ ಚೀಲ. ಅಮ್ಮನ ಬಟ್ಟೆ, ದೋಣಿ ಹೊರಡದಿದ್ದರೆ ಇಬ್ಬರೂ ಬಸ್ಸು ಹತ್ತುವುದೆಂದು ಕಟ್ಟಿಸಿದ್ದ. ಮಂಜು ದಟ್ಟವಾಗಿತ್ತು.

ದೋಣಿಯಕ್ಕ ಕೊರಳಿನಿಂದ ಕೆಂಪು ಕೀಲಿ ತೆಗೆದು ಮೇನ್ ಸ್ವಿಚ್ಚಿಗೆ ಹಾಕಿದಳು. ಸ್ಟಾರ್ಟರ್ ಕೀಲಿ ತಿರುಗಿಸುವ ಮೊದಲು ಒಮ್ಮೆ ಅತ್ತೆಯನ್ನು ನೋಡಿದಳು. ಅತ್ತೆಮ್ಮ ಮೀಟರ್ ನೋಡಿ “ಹನ್ನೆರಡು ಮುಕ್ಕಾಲು” ಎಂದರು.

ಒಂದೇ ಏಟಿಗೆ ಎಂಜಿನ್ ಸ್ಟಾರ್ಟ್ ಆಯಿತು. ದೋಣಿಯ ತುಂಬ ಜನ ಉಸಿರು ಬಿಟ್ಟರು. ನಾನೂ ಬಿಟ್ಟೆ. ಅಷ್ಟರಲ್ಲಿ ಜೆಟ್ಟಿ ಹಿಂದೆ ಸರಿಯುತ್ತಿತ್ತು.

“ಏಯ್, ನಾನಿನ್ನೂ ಇಳಿದಿಲ್ಲ!” ದೋಣಿಯಕ್ಕ ನನ್ನ ಕಡೆ ನೋಡಲೇ ಇಲ್ಲ. ನೋಡಿದರೆ ಇಳಿಸಬೇಕಾಗುತ್ತದೆ ಎಂದು ಅವಳಿಗೆ ಗೊತ್ತು.

“ಕೂತ್ಕೋಪ್ಪ, ಹನ್ನೆರಡು ನಿಮಿಷ” ಎಂದು ಅತ್ತೆಮ್ಮ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿ, ನನ್ನ ಬೆರಳುಗಳನ್ನು ತಮ್ಮ ಎಡ ಮುಂಗೈಯ ಮೇಲೆ ಇಟ್ಟುಕೊಂಡರು. ಡಯಾಲಿಸಿಸ್ ಸೂಜಿಗೆಂದು ಡಾಕ್ಟರು ರಕ್ತನಾಳ ಜೋಡಿಸಿದ್ದ ಜಾಗ. ಚರ್ಮದ ಕೆಳಗೆ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು. ಎಂಜಿನ್ನಿನ ನಡುಕ ಇರಬೇಕು ಅಂದುಕೊಂಡೆ. ಅಲ್ಲ, ಅದು ಅವರದೇ. “ಗಾಬರಿಯಾದಾಗ ನಾನು ಇದನ್ನ ಮುಟ್ಟಿ ನೋಡ್ಕೋತೀನಿ. ಓಡ್ತಿದೆ ಅಂದ್ರೆ ಸರಿ ಇದೆ ಅಂತ” ಎಂದರು. ಆಚೆ ದಡದವರೆಗೂ ನಾನು ಕೈ ತೆಗೆಯಲಿಲ್ಲ.

ಇಳಿಯುವಾಗ ಭಾವ ಬಟ್ಟೆಯ ಚೀಲವನ್ನು ಎತ್ತಿ ತಮ್ಮನ ಹೆಂಡತಿಯ ಕೈಗೆ ಕೊಟ್ಟ. “ಇದನ್ನ ವಾಪಸ್ ಮನೆಗೆ ತಗೊಂಡ್ಹೋಗಮ್ಮ. ಬುಧವಾರ ನಾನು ಇಲ್ಲೇ ದಡದಲ್ಲಿ ಕಾಯ್ತಿರ್ತೀನಿ.” ಅವಳು ಚೀಲವನ್ನು ಎದೆಗೊತ್ತಿಕೊಂಡು ಮುಖ ಆಚೆ ತಿರುಗಿಸಿದಳು. ಅತ್ತೆಮ್ಮ ಮಗನ ತೋಳು ಹಿಡಿದು ಆಸ್ಪತ್ರೆಯ ಮೆಟ್ಟಿಲಿನತ್ತ ಹೊರಟರು.

ಎಲ್ಲರೂ ಇಳಿದ ಮೇಲೂ ನಾನು ಕೂತೇ ಇದ್ದೆ. ದೋಣಿಯಕ್ಕ ಕಣ್ಣೊರೆಸಿಕೊಂಡು, ತುಂಟ ನಗೆ ನಕ್ಕು, “ಅಣ್ಣ, ಬಸ್ ಸ್ಟ್ಯಾಂಡ್ ಆ ಕಡೆ” ಎಂದಳು.

“ಗೊತ್ತು” ಎಂದೆ. “ಒಂದು ಟಿಕೆಟ್ ಕೊಡಮ್ಮ.”