ಅಗಿಯದ ತುತ್ತು

ಭಾನುವಾರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ನನ್ನ ನೆನಪಿನ ಬಲದಿಂದಲ್ಲ. ಆಗ ನಾನು ಫೋನು ಎತ್ತಿ ಅವನ ಫೋಟೋ ತೆಗೆದಿದ್ದೆ, ಅದರಲ್ಲಿ ಹೊತ್ತು ಉಳಿದುಕೊಂಡಿದೆ. ಕಬ್ಬಾಳಿನಲ್ಲಿ, ಬೆಟ್ಟದ ಕೆಳಗೆ ಹುಣಸೆಮರದ ನೆರಳಿನಲ್ಲಿ, ಊಟದೆಲೆಯ ಮುಂದೆ ನನ್ನ ಗೆಳೆಯ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಬಾಯಿ ತೆರೆದಿದೆ. ಬೆರಳ ತುದಿಯಲ್ಲಿ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾದ ರಾಗಿಮುದ್ದೆಯ ತುತ್ತು. ಸುತ್ತ ಕೂತವರೆಲ್ಲ ನಗುತ್ತಿದ್ದಾರೆ. ಫೋಟೋ ತೆಗೆದವನೂ ನಗುತ್ತಿದ್ದ. ಅದು ಅದರಲ್ಲಿ ಕಾಣುವುದಿಲ್ಲ.

ತೂಕ ಇಳಿಸುವ ಆಪರೇಷನ್ ಆಗಿ ಅವನಿಗೆ ಅಂದಿಗೆ ಇಪ್ಪತ್ನಾಲ್ಕು ದಿನ. ಜಠರದ ಬಹುಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಸಣ್ಣ ಕೊಳವೆಯಾಗಿ ಹೊಲಿದಿದ್ದರು. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಬೋರ್ಡಿನ ಮೇಲೆ ಜಠರದ ಚಿತ್ರ ಬರೆಯುವವನು. ಆ ತುತ್ತನ್ನು ತಿನ್ನು ಎಂದು ಅವನಿಗೆ ಹೇಳಿದವನು ನಾನೇ.

ನಾವಿಬ್ಬರೂ ಒಂದೇ ಊರಿನವರು. ಅವನು ಹಾರೋಹಳ್ಳಿಯ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಿದ್ದ. ಕನಕಪುರದ ಸುತ್ತಲಿನ ಹಳ್ಳಿಗಳಿಂದ ಕೆಲಸದ ಹೆಣ್ಣುಮಕ್ಕಳನ್ನು ಬೆಳಗಿನ ಜಾವಕ್ಕೇ ಹತ್ತಿಸಿಕೊಂಡು ಹೋಗಬೇಕು. ಚಿಕ್ಕಂದಿನಿಂದಲೂ ದಪ್ಪ. ಆ ದಪ್ಪ ನಮಗೆ, ಅಂದರೆ ಅವನ ಗೆಳೆಯರಿಗೆ, ಒಂದು ಆಸ್ತಿಯಿದ್ದ ಹಾಗೆ. ಯಾರ ಮನೆಯ ಬಾಡೂಟವಾದರೂ ಅವನನ್ನು ನಡುವೆ ಕೂರಿಸಿ, ಪಕ್ಕದೂರಿನವರ ಎದುರಿಗೆ ಮುದ್ದೆ ನುಂಗಿಸುತ್ತಿದ್ದೆವು. ಗೆದ್ದವನು ಅವನು, ಮೀಸೆ ತಿರುವುತ್ತಿದ್ದವರು ನಾವು.

ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಹಲ್ಲು ತಾಗಿಸಿದ ಮಗುವಿಗೆ ಅಜ್ಜಿಯರು ತೊಡೆಗೆ ಒಂದು ಕೊಟ್ಟು, "ಅಗೀಬ್ಯಾಡ, ನುಂಗು" ಎನ್ನುತ್ತಾರೆ. ನಾವು ಮಾತಿಗಿಂತ ಮೊದಲು ಕಲಿತ ವಿದ್ಯೆ ಅದು.

ಒಂದು ಸಂಜೆ ಅವನು ನಮ್ಮ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದ. ಟೀಗೆ ಕರೆದರೆ ಬರಲಿಲ್ಲ.

"ಲೇ ಮೇಷ್ಟ್ರೇ, ಇವತ್ತು ಬೆಳಿಗ್ಗೆ ಮೂವತ್ತೆಂಟು ಜನ ಹೆಣ್ಮಕ್ಕಳನ್ನ ಸಾಯಿಸ್ಬುಡ್ತಿದ್ದೆ ಕಣ್ಲಾ."

ಸ್ಟೀರಿಂಗ್ ಹಿಡಿದಿದ್ದಂತೆಯೇ ಕಣ್ಣು ಮುಚ್ಚಿಹೋಗಿತ್ತು. ಎಡಗಡೆಯ ಚಕ್ರ ರಸ್ತೆ ಬಿಟ್ಟು ಇಳಿದಾಗ ಹಿಂದಿನ ಸೀಟಿನ ಹುಡುಗಿಯೊಬ್ಬಳು ಕಿರುಚಿದಳಂತೆ. ನಾಯಿ ಅಡ್ಡ ಬಂತು ಎಂದು ಸುಳ್ಳು ಹೇಳಿ ಪಾರಾಗಿದ್ದ. ಅದಕ್ಕೂ ಮುಂಚೆಯೇ ಅವನ ಹೆಂಡತಿ ಹಟ ಹಿಡಿದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದ್ದಳು. ನಿದ್ದೆಯಲ್ಲಿ ಅವನ ಉಸಿರು ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ಕೊರಳ ಸುತ್ತಲಿನ ಕೊಬ್ಬು ಕಾರಣ, ತೂಕ ಇಳಿಯದೆ ದಾರಿಯಿಲ್ಲ, ಇಷ್ಟು ತೂಕಕ್ಕೆ ಆಪರೇಷನ್ನೇ ಒಳ್ಳೆಯದು ಎಂದಿದ್ದರು ಡಾಕ್ಟರು.

"ನಾನು ಮಾಡುಸ್ಕತೀನಿ," ಎಂದ. "ಯಾಕೆ ಅಂತ ಮಾತ್ರ ಯಾರ್ಗೂ ಯೋಳ್ಬ್ಯಾಡ. ಡ್ರೈವರ್ ತೂಕಡಿಸ್ದ ಅಂದ್ರೆ ಕೆಲ್ಸ ಹೋಯ್ತದೆ. ಆಗೋಗಂಟ ಬಸ್ ಮುಟ್ಟಲ್ಲ. ಬೆನ್ನುನೋವು ಅಂತ ಯೋಳಿ ಗೇಟಲ್ಲಿ ಕೂತ್ಕತೀನಿ."

ಕಾರಣ ಗೊತ್ತಿದ್ದುದು ಅವನ ಮನೆಯವರನ್ನು ಬಿಟ್ಟರೆ ನನಗೊಬ್ಬನಿಗೆ. ಅದಾಗಿ ವಾರಕ್ಕೆ ಹಿಟ್ಟಿನ ಗಿರಣಿ ಇಟ್ಟಿರುವ ನಮ್ಮ ಗೆಳೆಯನ ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದಾಗ ಮಾತು ಎದ್ದಿತು.

"ಏನ್ಲಾ, ಈ ವಯಸ್ನಲ್ಲಿ ಎರಡನೇ ಮದ್ವೆ ಆಯ್ತೀಯಾ?" ಎಂದ ಗಿರಣಿಯವನು. "ಚೆನ್ನಾಗಿರೋ ಹೊಟ್ಟೆಯ ದುಡ್ಡು ಕೊಟ್ಟು ಕುಯ್ಸ್ಕಳೋನ ಇವತ್ತೇ ಕಣ್ಲಾ ನೋಡಿದ್ದು. ಬೆಳಿಗ್ಗೆ ಎದ್ದು ಕೆರೆ ಏರಿ ಮ್ಯಾಲೆ ಓಡು. ಎರಡು ಮುದ್ದೆ ಕಮ್ಮಿ ಮಾಡು. ಮುಗೀತು."

"ಎರಡು ವರ್ಸ ನಡ್ದಿವ್ನಿ," ಎಂದ ಇವನು.

"ನಡ್ಯದಲ್ಲ ಕಣ್ಲಾ, ಓಡದು. ಸತ್ತೋದ್ರೆ ಏನ್ಲಾ ಮಾಡ್ತೀಯಾ?"

"ಸತ್ತೋದ್ಮೇಲೆ ನಾನ್ಯಾಕ್ಲಾ ಮಾಡ್ಲಿ, ನೀವು ಮಾಡ್ರಿ ತಿಥಿನಾ. ಪುಗಸಟ್ಟೆ ಊಟ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವನು ನನ್ನ ಕಡೆ ನೋಡಿದ. ಗುಟ್ಟು ಬಿಚ್ಚಲಿ ಎಂದಲ್ಲ. ಓದಿದವನೊಬ್ಬ, ಡಾಕ್ಟರು ಹೇಳಿದ ಮೇಲೆ ಮಾಡಿಸಲಿ ಬಿಡ್ರಪ್ಪ ಎಂದಿದ್ದರೆ ಸಾಕಿತ್ತು. ನಾನು, "ಇನ್ನೊಂದು ನಾಕು ತಿಂಗ್ಳು ವಾಕಿಂಗ್ ಮಾಡಿ ನೋಡ್ಬೋದಾಗಿತ್ತು" ಎಂದೆ. ಅವನ ಜೊತೆ ವಾಕಿಂಗಿಗೆಂದು ಹೊರಟು ಹನ್ನೊಂದನೇ ದಿನಕ್ಕೆ ಬಿಟ್ಟವನು ನಾನು.

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. "ನೀವು ನಗ್ತಾ ಇರ್ರಪ್ಪ. ನಾನು ಸೋಮವಾರ ಅಡ್ಮಿಟ್ ಆಯ್ತೀನಿ."

ಆಪರೇಷನ್ನಿನ ದಿನ ನಾನೂ ಬೆಂಗಳೂರಿಗೆ ಹೋಗಿದ್ದೆ. ಹೇಳಿದ್ದಕ್ಕಿಂತ ಒಂದೂವರೆ ಗಂಟೆ ಹೆಚ್ಚಾದರೂ ಅವನನ್ನು ಹೊರಗೆ ತರಲಿಲ್ಲ. ಕಾರಿಡಾರಿನಲ್ಲಿ ನಿಂತು, ಮೂಢನಂಬಿಕೆಯ ಬಗ್ಗೆ ಮಕ್ಕಳಿಂದ ಭಾಷಣ ಮಾಡಿಸುವ ನಾನು, ಕಬ್ಬಾಳಮ್ಮನಿಗೆ ಹರಕೆ ಹೊತ್ತೆ: ಇವನು ಉಳಿದರೆ ನಿನ್ನ ಬೆಟ್ಟದ ಕೆಳಗೆ ನಾಲ್ಕು ಜನಕ್ಕೆ ಊಟ ಹಾಕುತ್ತೇನೆ.

ಅವನು ಉಳಿದ. ಮನೆಗೆ ಬಂದ ಮೇಲೆ ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಒಂದು ಹಾಳೆ ಕೊಟ್ಟಿದ್ದರು. ಅವನ ಹೆಂಡತಿ, "ಮೇಷ್ಟ್ರಣ್ಣ, ಕನ್ನಡದಲ್ಲಿ ಬರ್ಕೊಡಿ" ಎಂದಳು. ದುಂಡಗೆ ಬರೆದುಕೊಟ್ಟೆ. ಮೊದಲ ಎರಡು ವಾರ ನೀರಿನಂಥದ್ದು. ಆಮೇಲೆ ಎರಡು ವಾರ ರಾಗಿ ಗಂಜಿ, ಬೇಳೆಕಟ್ಟು, ಚಮಚದಲ್ಲಿ. ಗಟ್ಟಿ ಪದಾರ್ಥ ಐದನೇ ವಾರದಿಂದ, ಪ್ರತಿ ತುತ್ತನ್ನೂ ನುಣ್ಣಗೆ ಅಗಿದು. "ಅಗಿದು" ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು.

ಹರಕೆಯ ಊಟಕ್ಕೆ ಅವಸರವಿರಲಿಲ್ಲ. ಅವಸರ ಮಾಡಿದವರು ನಾವು. ಗೆದ್ದು ಬಂದವನನ್ನು ಎಲೆಯ ಮುಂದೆ ಕೂರಿಸಿ ನೋಡಬೇಕಿತ್ತು. ಹೆಂಡತಿ ಅವನಿಗೆಂದು ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದಳು. ಎಡೆಯಿಟ್ಟು ಪೂಜೆ ಮುಗಿದು ಪಂಕ್ತಿ ಕೂತಾಗ ಅವಳು ಒಲೆಯ ಹತ್ತಿರ ಸಾರು ಬಡಿಸುವವರ ಜೊತೆಗಿದ್ದಳು. ನಮ್ಮಲ್ಲೊಂದು ಪದ್ಧತಿ: ಯಾರ ಹೆಸರಿನಲ್ಲಿ ಹರಕೆಯೋ ಅವರು ಎಡೆಯಿಂದ ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ಉಳಿದವರು ಕೈ ಹಾಕಬೇಕು.

"ಅಮ್ಮನ ಎಡೆ ಕಣ್ಲಾ, ಒಲ್ಲೆ ಅನ್ಬಾರ್ದು," ಎಂದ ಗಿರಣಿಯವನು. "ಎಲ್ರೂ ಹಸ್ಕಂಡು ಕೂತವ್ರೆ. ಒಸಿ ಬಾಯ್ಗಾಕ್ಕ."

"ಗಂಜಿ ಮಾತ್ರ ಅಂದವ್ರೆ ಕಣ್ಲಾ."

"ಗಂಜಿ ಯಾವುದ್ರದ್ದು? ರಾಗೀದು ತಾನೆ? ಮುದ್ದೆ ಯಾವುದ್ರದ್ದು? ಮುದ್ದೆಗಿಂತ ಮೆತ್ತುಗ್ಗಿರೋದು ಭೂಮಿ ಮ್ಯಾಲೆ ಏನ್ಲಾ ಐತೆ?"

ಅವನು ನನ್ನ ಕಡೆ ತಿರುಗಿದ. "ಮೇಷ್ಟ್ರೇ, ತಿನ್ಬೋದಾ?"

ಆ ಪ್ರಶ್ನೆಯ ಮುಂದೆ ನನ್ನನ್ನು ನಾನು ಎಷ್ಟು ಸಲ ನಿಲ್ಲಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಬೇಡ ಎನ್ನಲು ನನಗೆ ತಿಳಿವಳಿಕೆಯ ಕೊರತೆಯಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಡೆ ಬೇಡವೆಂದರೆ, ಹರಕೆ ಹೊತ್ತ ಮೇಷ್ಟ್ರು ಈಗ ಪಾಠ ಮಾಡುತ್ತಾನೆ ಎಂದು ನಗುತ್ತಿದ್ದರು, ಅಷ್ಟೆ. ಅದರ ಕೆಳಗೆ ಇನ್ನೊಂದಿತ್ತು, ಹೇಳಲು ನಾಚಿಕೆಯಾಗುತ್ತದೆ. ಅವನು ಊಟದೆಲೆಯ ಮುಂದೆ ಸುಮ್ಮನೆ ಕೂತದ್ದು ನನಗೆ ಸಹಿಸಲಾಗುತ್ತಿರಲಿಲ್ಲ. ನಮ್ಮ ಹಳೆಯ ಗೆಳೆಯ ಒಂದು ಗಳಿಗೆಯ ಮಟ್ಟಿಗಾದರೂ ವಾಪಸು ಬೇಕಿತ್ತು.

"ಒಸಿ ತಿನ್ನು. ಏನೂ ಆಗಲ್ಲ," ಎಂದೆ. ಫೋನು ಎತ್ತಿದೆ.

ಅವನು ನುಂಗಿದ. ನಲವತ್ತು ವರ್ಷ ನುಂಗಿದ ಹಾಗೆಯೇ.

ಮೊದಲು ಬಿಕ್ಕಳಿಕೆ ಬಂತು, ನಗುತ್ತಿದ್ದೆವು. ಆಮೇಲೆ ಅವನು ಎದೆಯ ನಡುವೆ ಕೈಯಿಟ್ಟುಕೊಂಡು ಮುಂದಕ್ಕೆ ಬಾಗಿದ. ಬಾಯಿಂದ ಬಿಳಿಯ ಜೊಲ್ಲು, ನೊರೆ. ವಾಂತಿ ಮಾಡಲು ನೋಡಿದರೂ ಏನೂ ಬರಲಿಲ್ಲ. ಅಂಗಿ ಬೆವರಿನಿಂದ ಒದ್ದೆಯಾಯಿತು. ಅವನ ಹೆಂಡತಿ ಓಡಿ ಬರುವಷ್ಟರಲ್ಲಿ ಗಿರಣಿಯವನು ಮುರಿದ ಮುದ್ದೆಯಿದ್ದ ಎಲೆಯನ್ನು ಮಡಿಚಿದ್ದ. ಏಕೆ ಮಡಿಚಿದನೆಂದು ನಾನು ಕೇಳಲಿಲ್ಲ. ನನಗೂ ಅದು ಮಡಿಚಿದ್ದೇ ಬೇಕಿತ್ತು.

ಗಿರಣಿಯವನ ಕಾರಿನಲ್ಲಿ ಸಾತನೂರು ದಾಟಿ ಕನಕಪುರ ಸೇರುವಷ್ಟರಲ್ಲಿ ಅವನ ಮಾತು ನಿಂತಿತ್ತು. ಮೊದಲು ಕಂಡ ನರ್ಸಿಂಗ್ ಹೋಮಿಗೆ ನುಗ್ಗಿದೆವು. ಅಲ್ಲಿದ್ದವರು ಉತ್ತರ ಕರ್ನಾಟಕದ ಕಡೆಯ ಚಿಕ್ಕ ವಯಸ್ಸಿನ ಡಾಕ್ಟರು. ಆಪರೇಷನ್ ಆಗಿದೆ ಎಂದು ಹೆಂಡತಿ ಹೇಳಿದ ಕೂಡಲೇ ಕೇಳಿದರು: "ಏನ್ ತಿಂದಾರ್ರೀ?"

ಅವಳು ನನ್ನನ್ನು ನೋಡಿದಳು.

"ಗಂಜಿ," ಎಂದೆ.

ಹೃದಯದ ಪರೀಕ್ಷೆ ಮಾಡಿದರು. ಇಸಿಜಿ ಪಟ್ಟಿ ನೋಡುತ್ತ ಮತ್ತೆ ಕೇಳಿದರು, "ಬರೇ ಗಂಜೀನ? ಗಟ್ಟಿ ಏನೂ ಇಲ್ಲ?" "ಇಲ್ಲ ಸಾರ್, ಗಂಜಿ." ಮೂರನೇ ಸಲವೂ ಅದನ್ನೇ ಹೇಳಿದೆ. ಸುಳ್ಳು ಒಂದು ಸಲ ಬಾಯಿಂದ ಬಿದ್ದ ಮೇಲೆ ಅದರ ಎದುರಿಗೆ ನಿಜ ಹೇಳಲು ಮತ್ತಷ್ಟು ಧೈರ್ಯ ಬೇಕಾಗುತ್ತದೆ, ನನ್ನಲ್ಲಿ ಮೊದಲಿನಷ್ಟೂ ಇರಲಿಲ್ಲ. ಗಂಜಿಯೆಂದು ನಂಬಿ ಅವರು ಉರಿ ಶಮನಕ್ಕೆ ಔಷಧಿ ಕುಡಿಸಿದರು. ತುತ್ತು ಅಡ್ಡ ಕೂತು ಕೆಳಗೆ ದಾರಿಯಿರಲಿಲ್ಲ. ಕುಡಿದದ್ದೆಲ್ಲ ಮೇಲಕ್ಕೆ ಬಂದು ಶ್ವಾಸಕ್ಕೆ ಸಿಕ್ಕಿತು. ಅವನ ತುಟಿ ನೀಲಿಯಾಗುವುದನ್ನು ನಾನು ನೋಡಿದೆ. ಆಮ್ಲಜನಕ ಕಡಿಮೆಯಾದಾಗ ತುಟಿಯ ಬಣ್ಣ ಏಕೆ ಬದಲಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವನು, ಮಂಚದ ಕಬ್ಬಿಣ ಹಿಡಿದು ನಿಂತಿದ್ದೆ.

ಅವನನ್ನು ಮಗ್ಗುಲಿಗೆ ತಿರುಗಿಸಿ, ಬಾಯೊಳಗೆ ಕೊಳವೆ ಹಾಕಿ ಎಳೆದು, ಉಸಿರು ಬರಿಸಿದರು. ಕಣ್ಣು ತೆರೆದವನು ಬಲಗೈ ಎತ್ತಿದ. ಬೆರಳುಗಳನ್ನು ಕೂಡಿಸಿ ಗಾಳಿಯಲ್ಲಿ ಏನನ್ನೋ ಉರುಟು ಮಾಡಿ, ಕಾಣದ ಸಾರಿನಲ್ಲಿ ಹೊರಳಿಸಿ, ಬಾಯಿಯ ಕಡೆ ತೋರಿಸಿದ. ಡಾಕ್ಟರಿಗೆ ತಿಳಿಯಲಿಲ್ಲ. ತಲೆ ನರೆತ ನರ್ಸೊಬ್ಬರು ಕೈಲಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಸಾರ್, ಮುದ್ದೆ ನುಂಗವ್ರೆ. ಕೈ ನೋಡಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಜೊತೇಲೇ ಇದ್ರಲ್ವಾ? ಮೂರು ಸಲ ಗಂಜಿ ಗಂಜಿ ಅಂದ್ರಲ್ಲ! ಓದ್ದೋರ ತರ ಕಾಣ್ತೀರಿ."

ನಲವತ್ತು ನಿಮಿಷ ಹಾಳಾಗಿತ್ತು. ಬೆಂಗಳೂರಿಗೆ ಕಳಿಸಲು ಆಂಬುಲೆನ್ಸ್ ತರಿಸಿದರು. ಅದನ್ನು ಹತ್ತಲು ನಾನು ಕಾಲಿಟ್ಟರೆ ಅವನ ಹೆಂಡತಿ, "ನೀವು ಹಿಂದ್ಗಡೆ ಕಾರಲ್ಲಿ ಬನ್ನಿ" ಎಂದಳು, ಅಣ್ಣ ಎನ್ನದೆ. ಹಾರೋಹಳ್ಳಿಯಲ್ಲಿ ಅವನ ಕಾರ್ಖಾನೆಯ ತಿರುವು ದಾಟಿದಾಗ, ಅವನು ನಿದ್ದೆಗೆ ಹೆದರಿ ತಾನಾಗಿ ಬಸ್ಸು ಬಿಟ್ಟಿದ್ದು ನೆನಪಾಯಿತು. ತಪ್ಪು ಗೊತ್ತಾದ ದಿನವೇ ಅವನು ಸ್ಟೀರಿಂಗಿನಿಂದ ಕೈ ತೆಗೆದಿದ್ದ.

ಬೆಂಗಳೂರಿನಲ್ಲಿ ಗಂಟಲಿನ ಮೂಲಕ ಕ್ಯಾಮೆರಾ ಇಳಿಸಿ ಮುದ್ದೆಯನ್ನು ತುಂಡು ತುಂಡಾಗಿ ತೆಗೆದರು. ಹೊಲಿಗೆ ಬಿಟ್ಟಿದ್ದರೆ ಹೊಟ್ಟೆಯೊಳಗೆಲ್ಲ ನಂಜಾಗುತ್ತದೆ, ಕಾದು ನೋಡಬೇಕು ಎಂದರು. ಐದು ದಿನ ಕಾದೆವು. ಹೊಲಿಗೆ ಬಿಟ್ಟಿರಲಿಲ್ಲ.

ಆರನೇ ದಿನ ನನ್ನನ್ನು ಒಳಗೆ ಬಿಟ್ಟಾಗ ಅವನು, "ಅಗೀಬೇಕು ಅಂತ ಗೊತ್ತಿತ್ತು ಕಣ್ಲಾ ಮೇಷ್ಟ್ರೇ. ಆದ್ರೆ ಮುದ್ದೆಯ ಹೆಂಗ್ಲಾ ಅಗಿಯೋದು?" ಎಂದು ನಕ್ಕ. ನನಗೆ ನಗಲು ಆಗಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನ ಹೆಂಡತಿಗೆ, ತಿನ್ನು ಎಂದವನು ನಾನೇ ಎಂದೆ.

"ಗೊತ್ತು," ಎಂದಳು. "ತಿನ್ಸಿದ್ದಕ್ಕಲ್ಲ ನಂಗೆ ಕ್ವಾಪ. ತಿನ್ಸೋರು ಎಲ್ಲಾರ ಮನೇಲೂ ಅವ್ರೆ. ಡಾಕ್ಟ್ರು ಕೇಳ್ದಾಗ ನಾನು ನಿಮ್ಮ ಮೊಕ ನೋಡ್ದೆ. ನೀವು ಗಂಜಿ ಅಂದ್ರಿ."

ಗಿರಣಿಯ ಕಟ್ಟೆಯಲ್ಲಿ ಈ ಕಥೆ ಈಗ ಬೇರೆಯಾಗಿದೆ: ಆಪರೇಷನ್ ಮಾಡಿಸಿಕೊಂಡರೆ ಹೀಗೇ ಆಗುವುದು, ನಾವು ಬೇಡ ಅಂದಿರಲಿಲ್ಲವೆ ಎಂದು. ಮೊದಲ ಸಲ ಅದನ್ನು ಕೇಳಿದಾಗ ಎದ್ದು ಮನೆಗೆ ಬಂದೆ. ಎರಡನೇ ಸಲ, "ಆಪರೇಷನ್ನಿಂದಲ್ಲ, ನಮ್ಮಿಂದ" ಎಂದೆ. ಆಮೇಲೆ ಆ ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಡುವವರು ಕಡಿಮೆಯಾದರು.

ಆ ತಿಂಗಳುಗಳಲ್ಲಿ ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ. ಕಣ್ಣು ಹತ್ತುತ್ತಲೇ ನೀಲಿ ತುಟಿ ಕಾಣುತ್ತಿತ್ತು. ಎದ್ದು ಕೂತು ಮನಸ್ಸಿನಲ್ಲೇ ಡಾಕ್ಟರಿಗೆ ಉತ್ತರ ಕೊಡುತ್ತಿದ್ದೆ: ಮುದ್ದೆ ಸಾರ್, ಮುದ್ದೆ. ಅವನು ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹೋದ. ಬೆಲ್ಟಿಗೆ ಹೊಸ ತೂತು ಹಾಕಿಸಿದ. ಗೇಟಿನ ಕುರ್ಚಿಯಲ್ಲಿ ತೂಕಡಿಸುವುದು ನಿಂತಿತು.

ಎಂಟನೇ ತಿಂಗಳು, ಒಂದು ಬುಧವಾರ, ನಾನು ಶಾಲೆಗೆ ಹೊರಡುವ ಮುಂಚೆ ಅವನ ಹೆಂಡತಿ ಫೋನು ಮಾಡಿದಳು. ಕಬ್ಬಾಳಿನ ನಂತರ ಅವಳಾಗಿ ಮಾಡಿದ ಮೊದಲ ಫೋನು. ನಾನು ನಿಂತಲ್ಲೇ ಕೂತೆ.

"ಒಂಬತ್ತೂವರೆಗೆ ಮನಿಕ್ಕಂಡವ್ರು ಈಗ ಎದ್ರು ಕಣಣ್ಣ. ಒಂದು ಸಲವೂ ಉಸ್ರು ಕಟ್ನಿಲ್ಲ. ಗೊರ್ಕೆನೇ ಇಲ್ದೆ ನಂಗೇ ದಿಗಿಲಾಗಿ, ಎರಡು ಸಲ ಮೂಗ್ತವ ಬೆಳ್ಳು ಇಟ್ಟು ನೋಡ್ದೆ."

ಹಿಂದಿನಿಂದ ಅವನ ದನಿ ಕೇಳಿಸಿತು: "ಮೇಷ್ಟ್ರು ಗಂಜಿ ಕುಡುದ್ರಾ ಕೇಳು!"

ಅವಳು ನಗಲಿಲ್ಲ. ನನಗೆ ಕೇಳುವ ಹಾಗೆ, "ಸುಮ್ನಿರ್ರಿ" ಎಂದು ಅವನಿಗೆ ಹೇಳಿ ಫೋನು ಇಟ್ಟಳು.

ಅಂದು ರಾತ್ರಿ ನಾನೂ ಮಲಗಿದೆ. ಬೆಳಗ್ಗೆ ಹಾಲಿನವನು ಗೇಟು ತಟ್ಟುವವರೆಗೆ ನನಗೆ ಎಚ್ಚರವಾಗಲಿಲ್ಲ.