ಲೈ, ಲೇ ಮತ್ತು ಬೀರಪ್ಪನ ಮರಿ

ಒಪ್ಪಿಕೊಂಡುಬಿಡುತ್ತೇನೆ: ಲಗ್ನಪತ್ರಿಕೆ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇಂಗ್ಲಿಷ್ ಕ್ರಿಯಾಪದದ ತಪ್ಪನ್ನು, ವಧೂವರರ ಹೆಸರು ಆಮೇಲೆ. ಮುಧೋಳದಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದ್ದರ ಫಲ. ನಿವೃತ್ತಿಯಾದರೂ ಚಟ ಬಿಟ್ಟಿಲ್ಲ.

ಅದರಲ್ಲೂ ಲೈ (lie) ಮತ್ತು ಲೇ (lay) ಕಂಡರೆ ವಿಪರೀತ ಕುತೂಹಲ. ಕನ್ನಡದಲ್ಲಿ ಮಗು ಮಲಗುತ್ತದೆ, ತಾಯಿ ಮಲಗಿಸುತ್ತಾಳೆ. ಒಂದು 'ಇಸು' ಹಚ್ಚಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ತಾನೇ ಮಲಗಿದರೆ ಲೈ, ಮತ್ತೊಬ್ಬರನ್ನು ಮಲಗಿಸಿದರೆ ಲೇ. ಸರಿ ಎನ್ನುವಷ್ಟರಲ್ಲಿ, ನಿನ್ನೆ ತಾನೇ ಮಲಗಿದ್ದರೆ ಅದೂ ಲೇ! ಇಂಥ ಏರ್ಪಾಡು ಮಾಡಿದ ಪುಣ್ಯಾತ್ಮನಿಗೆ ಆಗ ಯಾರೂ ಬುದ್ಧಿ ಹೇಳಲಿಲ್ಲವೇ ಎಂದು ಈಗಲೂ ಯೋಚಿಸುತ್ತೇನೆ.

ಮೊನ್ನೆ ತಿಮ್ಮಾಪುರದ ಕಡೆಯ ಬೀರಪ್ಪ ಮೊಬೈಲ್ ಹಿಡಿದು ಬಂದ. ಕುರಿಗಳ ಜೊತೆ ಬೇಟೆನಾಯಿ ಸಾಕುವವ; ಒಂದು ನಾಯಿಮರಿಯನ್ನು ಕೇರಳದ ಹೆಣ್ಣುಮಗಳೊಬ್ಬಳಿಗೆ ಕೊಟ್ಟಿದ್ದ. ಆಕೆಯ ಸಂದೇಶ ಇಂಗ್ಲಿಷಿನಲ್ಲಿತ್ತು: ಮರಿ ಎರಡು ದಿನದಿಂದ 'ಲೇಯಿಂಗ್', ಏನೂ ತಿನ್ನುತ್ತಿಲ್ಲ, ಏನು ಮಾಡಲಿ? ಲೇಯಿಂಗ್ ಎಂದರೆ ಮೊಟ್ಟೆ ಇಡುವುದಪ್ಪಾ ಎಂದು ನಕ್ಕೆ. ಬೀರಪ್ಪ ನಗಲಿಲ್ಲ.

"ಸರ, ಮರಿ ಸಾಯಾಕತ್ತೈತ್ರಿ," ಎಂದ.

ನಾಚಿಕೆಯಾಯಿತು. ಆದರೂ ಹಾಳು ಚಟ ನೋಡಿ. ಹಳೆಯ ಕಂಬಳಿಯ ಮೇಲೆ ಮಲಗಿಸಿ, ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಡಿ ಎಂದು ಅವನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದವನು, ಆ 'ಮಲಗಿಸಿ' ಸರಿಯಾಯಿತೋ ಇಲ್ಲವೋ ಎಂದು ವ್ಯಾಕರಣದ ಪುಸ್ತಕ ತರಲು ಒಳಗೆ ಹೋದೆ.

ಹೊರಬರುವಷ್ಟರಲ್ಲಿ ಬೀರಪ್ಪ ತಾಳಲಾರದೆ ವಿಡಿಯೊ ಕಾಲ್ ಮಾಡಿಬಿಟ್ಟಿದ್ದ. ಆಕೆಯ ಮನೆಯ ಮೂಲೆಯಲ್ಲಿ ಮುದುಡಿ ಬಿದ್ದಿದ್ದ ಮರಿಯನ್ನು ನಾಲಿಗೆ ಲೊಚಗುಟ್ಟಿಸಿ ಕರೆದು, ಬೈದು, ಮುದ್ದು ಮಾಡಿ, ಉಣ್ಣೋ ನನ್ನಪ್ಪಾ ಎಂದು ಗೋಗರೆಯುತ್ತಿದ್ದ. ಮರಿಯ ಕಿವಿ ನಿಮಿರಿತು. ಎದ್ದು ಬಂದು ಮೊಬೈಲ್ ಮೂಸಿತು. ಆಕೆ ಬಟ್ಟಲು ಸರಿಸಿದಳು. ನಾಲ್ಕು ಗುಟುಕು ಹಾಲು ಕುಡಿಯಿತು. ಬೀರಪ್ಪನ ಕಣ್ಣಲ್ಲಿ ನೀರು ಬಂತು, ನನಗೂ ಬಂತು.

ಕರೆ ಮುಗಿದ ಮೇಲೆ ಆಕೆಯ ಸಂದೇಶ ಬಂತು: ನನಗೆ ನಿಮ್ಮ ಕನ್ನಡ ಬಾರದು, ನಾಳೆ ಮರಿಯನ್ನು ಹೇಗೆ ಕರೆಯಲಿ, ತಪ್ಪಾಗಿ ಕರೆದರೆ ಏನು ಗತಿ? ಬೀರಪ್ಪನಿಗೆ ಓದಿ ಹೇಳಿದೆ.

"ಸುಮ್ಮ ನೋಡಕೋತ ಕುಂತ್ರ ಅದು ಉಣ್ಣಂಗಿಲ್ರಿ. ಯಾವ ಮಾತಾದ್ರೂ ಇರಲಿ, ಬಾಯಿ ತುಂಬ ಮಾತಾಡ್ರಿ ಅಂತ ಬರೀರಿ ಸರ. ತಪ್ಪಾದ್ರೂ ನಡೀತೈತಿ."

ಹಾಗೆಯೇ ಬರೆದು ಕಳಿಸಿದೆ. ನನ್ನ ತರಗತಿಯಲ್ಲಿ ತಪ್ಪಾದೀತೆಂದು ಹೆದರಿ ಬಾಯಿ ಮುಚ್ಚಿ ಕುಳಿತಿರುತ್ತಿದ್ದ ಒಂದು ಮಗುವಿಗೂ ನಾನು ಒಮ್ಮೆಯೂ ಹೇಳದ ಮಾತು ಅದು.